ಮುಂಗಡ ಕೊಟ್ಟವರ ಹೆಸರು

ಮಾನ್ಯ ಸಂಪಾದಕರೇ,

ಕಾರವಾರದ ಹುಡುಗರ ಬ್ಯಾಂಡ್ ಒಂದು ನಿಂತುಹೋದ ಸುದ್ದಿ ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ಸ್ಪಾನ್ಸರ್ ಕೈಕೊಟ್ಟರು, ಹುಡುಗರು ಗಿಟಾರ್ ಮೂಲೆಗಿಟ್ಟರು ಅಂತ. ಅದರ ಮೇಲೆ ಮೊನ್ನೆ ಓದುಗರೊಬ್ಬರು ಪತ್ರ ಬರೆದು, ದೊಡ್ಡ ಕಂಪನಿಯೋ ಸರ್ಕಾರವೋ ಕೈ ಹಿಡಿಯದೆ ಯಾವ ಬ್ಯಾಂಡೂ ಉಳಿಯುವುದಿಲ್ಲ ಅಂದಿದ್ದಾರೆ. ಆ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು ನನ್ನ ತಂಗಿಯ ಮಗ. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ. ಇನ್ನೊಂದು ಕಾರಣವೂ ಇದೆ. ದೊಡ್ಡ ಕಂಪನಿ ಕೈಬಿಟ್ಟ ಮೇಲೂ ಕಾಲು ಶತಮಾನಕ್ಕಿಂತ ಜಾಸ್ತಿ ನಡೆದುಕೊಂಡು ಬಂದ ಒಂದು ಬ್ಯಾಂಡ್ ನನಗೆ ಗೊತ್ತು. ಇಂಗ್ಲೆಂಡಿನದು. ಹೆಸರು ಮರಿಲಿಯನ್.

ನಗಬೇಡಿ. ನನ್ನ ಅಂಗಡಿಗೆ ಬರುತ್ತಿದ್ದವರೆಲ್ಲ 'ಏನ್ರೀ ಅದು, ಮರಿ ಇಲಿಯಾ?' ಅಂತ ಕೇಳಿ ನಕ್ಕಾಗಿದೆ.

ಕೋಡಿಬಾಗದಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಈಗ ಅದೇ ಜಾಗದಲ್ಲಿ ಝೆರಾಕ್ಸ್ ಯಂತ್ರ ಇದೆ, ಮೊಬೈಲ್ ರೀಚಾರ್ಜ್ ಇದೆ. ಆಗ ಮಾಲು ತರಲು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮಡಗಾಂವ್‌ಗೆ ಹೋಗುತ್ತಿದ್ದೆ. 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತಲ್ಲ, ಕಾಳಿಯ ಆ ಹಳೇ ಸೇತುವೆ ಮೇಲೆ ಎಷ್ಟು ಚೀಲ ಕ್ಯಾಸೆಟ್ ದಾಟಿಸಿದ್ದೇನೋ ಲೆಕ್ಕವಿಲ್ಲ. ಹಿಂದಿ, ಕೊಂಕಣಿ, ಭಜನೆ, ಯಕ್ಷಗಾನ ಚೆನ್ನಾಗಿ ಹೋಗುತ್ತಿದ್ದವು. ಇಂಗ್ಲಿಷ್ ಕೇಳುವವರು ನಾಲ್ಕೈದು ಮಂದಿ.

1990ರ ಸುಮಾರಿಗೆ ಕೈಗಾದ ಕೆಲಸಕ್ಕೆ ಬಂದಿದ್ದ ಒಬ್ಬ ಎಂಜಿನಿಯರ್ ಒಂದು ಕ್ಯಾಸೆಟ್ ತಂದು, ಇದರ ಇನ್ನೊಂದು ಕಾಪಿ ಮಾಡಿಕೊಡಿ ಅಂದರು. ಮರಿಲಿಯನ್‌ನ 1985ರ ಆಲ್ಬಮ್. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದದ್ದು. ಖಾಲಿ ಕ್ಯಾಸೆಟ್ ಅವರದ್ದು, ತುಂಬಿಸಿಕೊಡಲು ನನಗೆ ಹತ್ತು ರೂಪಾಯಿ. ತಪ್ಪು ಅಂತ ಗೊತ್ತಿತ್ತು. ಆಗ ಊರೆಲ್ಲ ಮಾಡುತ್ತಿದ್ದ ತಪ್ಪು. ನನಗೊಂದು ಕಾಪಿ ಇಟ್ಟುಕೊಂಡೆ, ಅದೂ ತಪ್ಪೇ. ಆ ಆಲ್ಬಮ್‌ನಲ್ಲಿ ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಬಿಡುವೇ ಇಲ್ಲ. 'ಕೇಲೀ' ಅನ್ನುವ ಹಾಡೊಂದನ್ನೇ ಹಾಕಿಕೊಡಿ ಅಂತ ಯಾರಾದರೂ ಕೇಳಿದರೆ ನನಗೆ ಕಷ್ಟ. ಗಿಟಾರ್ ಇನ್ನೂ ಮುಗಿಯುತ್ತಿದೆ ಅನ್ನುವಾಗಲೇ ಮುಂದಿನ ಹಾಡಿನ ಪಿಯಾನೊ ಬಂದುಬಿಡುತ್ತದೆ. ಪಾಜ್ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಒಂದು ಚಿಟಿಕೆಯಷ್ಟು ಹೊತ್ತು ತಡವಾದರೂ ಮುಂದಿನ ಹಾಡಿನ ಬಾಲ ಅಂಟಿಕೊಂಡು ಬರುತ್ತಿತ್ತು. ಹೀಗೆ ಕತ್ತರಿಸಿ ಕತ್ತರಿಸಿಯೇ ನನಗೆ ಅವರ ಹುಚ್ಚು ಹಿಡಿದದ್ದು.

ಅವರ ಕತೆ ಚಿಕ್ಕದಾಗಿ ಹೇಳುತ್ತೇನೆ. 1979ರಲ್ಲಿ ಆಯ್ಲ್ಸ್‌ಬರಿ ಅನ್ನುವ ಊರಲ್ಲಿ ಶುರುವಾಯಿತು. 1982ರಲ್ಲಿ ಇಎಂಐ ಅನ್ನುವ ದೊಡ್ಡ ರೆಕಾರ್ಡ್ ಕಂಪನಿ ಸೇರಿದರು. ಹಾಡುಗಾರ ಆರೂವರೆ ಅಡಿ ಎತ್ತರದ ಸ್ಕಾಟ್ಲೆಂಡಿನ ಆಸಾಮಿ, ಡೆರೆಕ್ ಡಿಕ್. ಎಲ್ಲರೂ ಕರೆಯುವುದು ಫಿಶ್ ಅಂತ. ಬಚ್ಚಲಿಗೆ ಹೋದರೆ ಎಷ್ಟು ಹೊತ್ತಾದರೂ ಹೊರಗೆ ಬರುತ್ತಿರಲಿಲ್ಲವಂತೆ, ಅದಕ್ಕೆ ಆ ಹೆಸರು. 1988ರಲ್ಲಿ ಫಿಶ್ ಬ್ಯಾಂಡ್ ಬಿಟ್ಟ. ಮೀನಿಲ್ಲದ ಊಟ ಹೇಗಿರುತ್ತದೆ ಅಂತ ಕಾರವಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರುವರ್ಷ ಸ್ಟೀವ್ ಹೋಗಾರ್ತ್ ಬಂದ. ಹಳೇ ಅಭಿಮಾನಿಗಳಲ್ಲಿ ಬಹಳ ಜನ ಅವನನ್ನು ಒಪ್ಪಲಿಲ್ಲ. ನಾನೂ ನಾಲ್ಕು ವರ್ಷ ಮೂಗು ಮುರಿದವನೇ. ಮಾರಾಟ ಇಳಿಯುತ್ತಾ ಬಂತು. 1995ರ ಆಲ್ಬಮ್ ಆದಮೇಲೆ ಇಎಂಐ ಇವರನ್ನು ಕೈಬಿಟ್ಟಿತು. ಆಮೇಲೆ ಸಣ್ಣ ಕಂಪನಿಯೊಂದಕ್ಕೆ ಮೂರು ಆಲ್ಬಮ್ ಮಾಡಿಕೊಟ್ಟರು.

ಪತ್ರ ಬರೆದ ಓದುಗರ ಲೆಕ್ಕದ ಪ್ರಕಾರ ಬ್ಯಾಂಡ್ ಅಲ್ಲಿಗೇ ಮುಗಿಯಬೇಕಿತ್ತು.

1997ರಲ್ಲಿ ಅಮೆರಿಕದ ಅಭಿಮಾನಿಗಳು ನಮ್ಮ ಕಡೆ ಯಾವಾಗ ಬರುತ್ತೀರಿ ಅಂತ ಕೇಳಿದರು. ಕೀಬೋರ್ಡ್ ನುಡಿಸುವ ಮಾರ್ಕ್ ಕೆಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಂದರೆ ಸುಮಾರು 60,000 ಡಾಲರ್ ಕೈಯಿಂದ ಹೋಗುತ್ತದೆ, ಆ ನಷ್ಟ ತುಂಬಿಕೊಡುವವರಿಲ್ಲ, ಬರಲು ಆಗುವುದಿಲ್ಲ ಅಂತ. ಬ್ಯಾಂಡಿನವರು ಬೇಡಲಿಲ್ಲ, ಜೋಳಿಗೆ ಹಿಡಿಯಲಿಲ್ಲ. ಅಭಿಮಾನಿಗಳೇ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದರು, ತಾವು ತಾವೇ ಇಂಟರ್‌ನೆಟ್ಟಿನಲ್ಲಿ ಮಾತಾಡಿಕೊಂಡು ಅಷ್ಟೂ ದುಡ್ಡು ಕೂಡಿಸಿದರು. ಬ್ಯಾಂಡ್ ಹೋಯಿತು, ನುಡಿಸಿ ಬಂತು.

ಅಲ್ಲಿಗೆ ಅವರ ತಲೆಯೊಳಗೆ ದೀಪ ಹತ್ತಿರಬೇಕು. 2001ರ ಆಲ್ಬಮ್‌ಗೆ ಯಾವ ಕಂಪನಿಯ ಬಾಗಿಲಿಗೂ ಮೊದಲು ಹೋಗಲಿಲ್ಲ. ಇನ್ನೂ ಹಾಡೇ ಆಗಿಲ್ಲ, ಈಗಲೇ ದುಡ್ಡು ಕೊಟ್ಟು ಕೊಳ್ಳುತ್ತೀರಾ ಅಂತ ಅಭಿಮಾನಿಗಳಿಗೇ ಇಮೇಲ್ ಮಾಡಿ ಕೇಳಿದರು. 12,000ಕ್ಕೂ ಹೆಚ್ಚು ಜನ ಮುಂಗಡ ಕೊಟ್ಟರು. ಆ ದುಡ್ಡಿನಲ್ಲೇ ರೆಕಾರ್ಡಿಂಗ್ ಆಯಿತು. ತಮಾಷೆ ಅಂದರೆ, ಅಂಗಡಿಗಳಿಗೆ ಹಂಚುವ ಕೆಲಸಕ್ಕೆ ಒಪ್ಪಿಕೊಂಡದ್ದು ಅದೇ ಇಎಂಐ. ಆದರೆ ಈ ಸಲ ಹಾಡಿನ ಹಕ್ಕು ಬ್ಯಾಂಡಿನದ್ದು.

ಇದನ್ನು ಚಂದಾ ಎತ್ತಿದ್ದು ಅನ್ನಬೇಡಿ. ಚಂದಾ ಬೇರೆ, ಮುಂಗಡ ಬೇರೆ. ಮುಂಗಡದಲ್ಲೂ ಎರಡು ಜಾತಿ. ಬೈತಖೋಲ ಬಂದರದಲ್ಲಿ ದೋಣಿಯವರನ್ನು ಕೇಳಿ ನೋಡಿ. ಬಲೆಗೆ, ಡೀಸೆಲ್‌ಗೆ ಅಂತ ವ್ಯಾಪಾರಿಯ ಹತ್ತಿರ ಮುಂಗಡ ತಂದವನು ದೋಣಿ ತುಂಬ ಬಂಗಡೆ ತಂದರೂ ಅದು ಆ ವ್ಯಾಪಾರಿಗೇ ಹೋಗಬೇಕು, ಅವನು ಹೇಳಿದ ದರಕ್ಕೇ. ರೆಕಾರ್ಡ್ ಕಂಪನಿಯದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ರೆಕಾರ್ಡಿಂಗ್‌ಗೆ ಅಂತ ಕೊಟ್ಟದ್ದನ್ನು ಬ್ಯಾಂಡಿನ ಪಾಲಿನಿಂದಲೇ ಮುರಿದುಕೊಳ್ಳುತ್ತಾರೆ, ಅಷ್ಟಾದ ಮೇಲೂ ರೆಕಾರ್ಡಿನ ಹಕ್ಕು ಸಾಮಾನ್ಯವಾಗಿ ಕಂಪನಿಯ ಕೈಯಲ್ಲೇ. ಶಿರಸಿಯ ಅಡಿಕೆ ಬೆಳೆಗಾರರು 1923ರಲ್ಲೇ ಸೇರಿ ತಮ್ಮದೇ ಸೇಲ್ ಸೊಸೈಟಿ ಕಟ್ಟಿಕೊಂಡದ್ದು ಇಂಥದ್ದರಿಂದ ಪಾರಾಗಲು ಅಲ್ವಾ? ಮೀನು ತಿನ್ನುವವನೇ ಮುಂಗಡ ಕೊಟ್ಟರೆ ಮಾತು ಬೇರೆ. ಅವನಿಗೆ ಬೇಕಾದದ್ದು ಮೀನು. ದೋಣಿ ಅಲ್ಲ.

2004ರ ಆಲ್ಬಮ್‌ಗೆ ನಾನೂ ಮುಂಗಡ ಕೊಟ್ಟವನು. ಇದನ್ನು ಹೇಳಲೇಬೇಕು. ನನ್ನ ಹತ್ತಿರ ಆಗ ಕಾರ್ಡು ಗೀರ್ಡು ಏನೂ ಇರಲಿಲ್ಲ. ಮಸ್ಕತ್‌ನಲ್ಲಿದ್ದ ಭಾವನಿಗೆ ಫೋನ್ ಮಾಡಿ, ನನ್ನ ಹೆಸರಲ್ಲಿ ಒಂದು ಬುಕ್ ಮಾಡು ಅಂದೆ. ಇನ್ನೂ ಬಾರದ ಕ್ಯಾಸೆಟ್‌ಗೆ ಇಷ್ಟು ದುಡ್ಡಾ ಅಂತ ಅವನು ಬೈದ. ಸಿ.ಡಿ. ಅದು, ಕ್ಯಾಸೆಟ್ ಅಲ್ಲ ಅಂತ ನಾನೂ ಬೈದೆ. ಆ ಸಲ ಬಂದ ಮುಂಗಡ ಪ್ರಚಾರಕ್ಕೂ ಬಳಕೆಯಾಯಿತು. ಅದರ ಒಂದು ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಏರಿತು. 1987ರ ನಂತರ ಅವರ ಹಾಡು ಮೊದಲ ಹತ್ತರೊಳಗೆ ಬಂದದ್ದು ಅದೇ ಮೊದಲು.

ಭಾವ ರಜೆಗೆ ಬಂದಾಗ ಪೆಟ್ಟಿಗೆ ತಂದುಕೊಟ್ಟ. ಸಿ.ಡಿ. ಅಂದರೆ ತೆಳ್ಳಗಿನ ಡಬ್ಬಿ ಅಂದುಕೊಂಡಿದ್ದೆ, ಬಂದದ್ದು ದಪ್ಪ ರಟ್ಟಿನ ಪುಸ್ತಕ. ಅದರಲ್ಲಿ ಮುಂಗಡ ಕೊಟ್ಟ ಎಲ್ಲರ ಹೆಸರೂ ಅಚ್ಚಾಗಿತ್ತು. ಸಾವಿರಾರು ಹೆಸರು. ಅಕ್ಷರವೋ, ಸಾಸಿವೆ ಕಾಳು. ವಾಚ್ ರಿಪೇರಿ ಮಾಡುವ ಪಕ್ಕದ ಅಂಗಡಿಯವರ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಇಸಿದುಕೊಂಡು ಒಂದು ಮಧ್ಯಾಹ್ನ ಇಡೀ ಹುಡುಕಿದೆ. ಸಿಕ್ಕಿತು. ನಾಯ್ಕ ಅಂತ ಇರಬೇಕಾದದ್ದು ನಾಯಕ ಆಗಿತ್ತು. ಇಂಗ್ಲೆಂಡಿನವರಿಗೆ ಏನು ಗೊತ್ತು, ಅಂಕೋಲೆ ಕಾರವಾರದವರಿಗೆ ಗೊತ್ತು ಅದರ ವ್ಯತ್ಯಾಸ. ಭಾವನೇ ಟೈಪ್ ಮಾಡುವಾಗ ತಪ್ಪಿದ್ದು, ಈಗಲೂ ಒಪ್ಪುವುದಿಲ್ಲ. ಆದರೂ ಆ ಪುಟವನ್ನು ನಮ್ಮ ಓಣಿಯಲ್ಲಿ ತೋರಿಸದೆ ಬಿಟ್ಟ ಮನೆ ಇಲ್ಲ.

1989ರಿಂದ ಇವತ್ತಿನವರೆಗೂ ಅದೇ ಐದು ಜನ ಇದ್ದಾರೆ. ನೆದರ್ಲೆಂಡ್ಸ್‌ನ ಸಮುದ್ರದಂಡೆಯಲ್ಲಿ ಪೋರ್ಟ್ ಝೀಲಾಂಡ್ ಅನ್ನುವ ಕಡೆ ಅಭಿಮಾನಿಗಳದ್ದೇ ಜಾತ್ರೆ ನಡೆಯುತ್ತದೆ, ಶಿರಸಿ ಮಾರಿಕಾಂಬೆ ಜಾತ್ರೆಯ ಹಾಗೆ ಎರಡು ವರ್ಷಕ್ಕೊಮ್ಮೆ. ಮೂರು ರಾತ್ರಿ ಬೇರೆ ಬೇರೆ ಹಾಡು. ಟಿಕೆಟ್ ತಗೊಂಡೇ ಹೋಗುತ್ತಾರೆ, ದೇಶ ದೇಶಗಳಿಂದ. 2022ರ ಆಲ್ಬಮ್ ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಅಷ್ಟು ಮೇಲೆ ಹಿಂದಿನ ಸಲ ಹೋದದ್ದು 1987ರಲ್ಲಿ, ಫಿಶ್ ಇದ್ದಾಗ.

ಅವರಿಗೆ ಮೊದಲೇ ಹೆಸರಿತ್ತು, ನಮ್ಮ ಹುಡುಗರಿಗೆ ಏನಿದೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಇಎಂಐ ಹದಿಮೂರು ವರ್ಷ ಸುರಿದ ದುಡ್ಡಿನಿಂದ ಬಂದ ಹೆಸರದು, ಸುಳ್ಳಲ್ಲ. ಆದರೆ ಇಂಗ್ಲೆಂಡಿನ ಬ್ಯಾಂಡಿಗೆ 12,000 ಜನ ಬೇಕಾಯಿತು ಅಂತ ಕಾರವಾರದಲ್ಲೂ 12,000 ಬೇಕಾ?

ನಮ್ಮ ಹುಡುಗರ ಕತೆ ನಿಮ್ಮ ವರದಿಯಲ್ಲಿ ಅರ್ಧ ಬಂದಿದೆ. ಕಳೆದ ಡಿಸೆಂಬರ್‌ನಲ್ಲಿ ಒಂದು ಕಾರ್ಯಕ್ರಮ ಗೊತ್ತಾಗಿತ್ತು. ಜಾಗದ ವ್ಯಾಪಾರ ಮಾಡುವ ಒಬ್ಬರು ಪೂರ್ತಿ ಖರ್ಚು ನನ್ನದು ಅಂದಿದ್ದರು. ಸ್ಟೇಜಿನ ಹಿಂದೆ ಅವರ ಲೇಔಟಿನ ಫ್ಲೆಕ್ಸ್, ಮುಂದಿನ ಎರಡು ಸಾಲು ಅವರ ಗಿರಾಕಿಗಳಿಗೆ, ಉಳಿದವರಿಗೆ ಪ್ರವೇಶ ಉಚಿತ. ಮೂರು ದಿನ ಇದೆ ಅನ್ನುವಾಗ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಮೈಕ್ ಸೆಟ್‌ನವರಿಗೆ ಹುಡುಗರು ಅಡ್ವಾನ್ಸ್ ಕೊಟ್ಟಾಗಿತ್ತು. ಆಯ್ತು, 100 ರೂಪಾಯಿ ಟಿಕೆಟ್ ಇಡುವಾ ಅಂತ ನಾನು ಹೇಳಿದೆ. ನನ್ನ ಅಂಗಡಿಯಲ್ಲೇ ಮಾರಲು ಕೂತೆ. ಒಬ್ಬರು ಬಂದರು, ಪರಿಚಯದವರೇ.

'ಟಿಕೆಟ್ಟಾ? ಪಾಸ್ ಇಲ್ವಾ ಮಾರಾಯ್ರೆ?'

'ಇಲ್ಲ.'

'ನಮ್ಮ ಹುಡುಗರದ್ದೇ ಅಲ್ವಾ!'

ನಮ್ಮ ಹುಡುಗರು, ಅದಕ್ಕೇ ದುಡ್ಡು ಕೊಡಬೇಕಾಗಿಲ್ಲ! ಅವರ ಕೈಚೀಲದಿಂದ ಇಸ್ವಾಣದ ಬಾಲ ಹೊರಗೆ ಕಾಣುತ್ತಿತ್ತು. ಮೀನು ಪೇಟೆಯಲ್ಲಿ ಪಾಸ್ ಕೇಳಿರಲಿಕ್ಕಿಲ್ಲ. ಮೂರು ದಿನದಲ್ಲಿ 61 ಟಿಕೆಟ್ ಹೋಯಿತು. ಕಾರ್ಯಕ್ರಮ ಆಗಲಿಲ್ಲ, ದುಡ್ಡು ವಾಪಸ್ ಕೊಟ್ಟೆವು. ಯಕ್ಷಗಾನದ ಡೇರೆ ಮೇಳದ ಆಟ ಬಂದಾಗ ಅಪ್ಪ ನಮ್ಮನ್ನೆಲ್ಲ ಟಿಕೆಟ್ ತೆಗೆದೇ ಕರೆದುಕೊಂಡು ಹೋಗುತ್ತಿದ್ದ. ನೆಲದ ಟಿಕೆಟ್ ಆದರೂ ಟಿಕೆಟ್ಟೇ. ಪಕ್ಕದ ಗೋವಾದಲ್ಲಿ ತಿಯಾತ್ರ ಅನ್ನುವ ಕೊಂಕಣಿ ನಾಟಕಕ್ಕೆ ಇವತ್ತೂ ದುಡ್ಡು ಕೊಟ್ಟೇ ಹೋಗುತ್ತಾರೆ. ನಮ್ಮಲ್ಲಿ ಉತ್ಸವಗಳು ಜಾಸ್ತಿಯಾದ ಮೇಲೆ ಪುಕ್ಕಟೆ ಕೂತು ಕೇಳುವ ಅಭ್ಯಾಸ ಆಗಿಬಿಟ್ಟಿದೆ. ಮೊಬೈಲ್ ಎತ್ತಿ ಹಿಡಿದು ಒಂದು ಹಾಡು, ಆಮೇಲೆ ಗೋಬಿ ಮಂಚೂರಿ ಅಂಗಡಿ.

ಸಂಪಾದಕರೇ, ನಿಮ್ಮದೂ ಸ್ವಲ್ಪ ಪಾಲಿದೆ, ಬೇಸರ ಮಾಡಿಕೊಳ್ಳಬೇಡಿ. 'ಇಂದಿನ ಕಾರ್ಯಕ್ರಮ' ಅಂಕಣದಲ್ಲಿ 'ಪ್ರವೇಶ ಉಚಿತ' ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೀರಿ. ಟಿಕೆಟ್ ಇದ್ದರೆ ದರ ಹಾಕುವುದೇ ಇಲ್ಲ. ಅದನ್ನೂ ಅಷ್ಟೇ ದಪ್ಪಕ್ಕೆ ಹಾಕಿ.

ನಾನೀಗ 200 ಪುಟದ ಒಂದು ನೋಟ್‌ಬುಕ್ ತೆರೆದು ಕೌಂಟರ್ ಮೇಲೆ ಇಟ್ಟಿದ್ದೇನೆ. ಹುಡುಗರ ಹತ್ತಿರ ಸ್ವಂತದ ಆರು ಹಾಡುಗಳಿವೆ, ಎರಡು ಕೊಂಕಣಿ, ನಾಲ್ಕು ಕನ್ನಡ. ಹೆಸರು ಬರೆಸಿ 300 ರೂಪಾಯಿ ಕೊಟ್ಟರೆ, ರೆಕಾರ್ಡ್ ಆದಮೇಲೆ ಆರೂ ಹಾಡು ಪೆನ್‌ಡ್ರೈವ್‌ನಲ್ಲಿ, ಜೊತೆಗೆ ಒಂದು ಕಾರ್ಯಕ್ರಮದ ಟಿಕೆಟ್. ಒಂದೊಂದು ಪುಟಕ್ಕೆ ಒಂದೊಂದು ಹೆಸರು, 200 ಆದರೆ ಕೆಲಸ ಶುರು. ಆಮೇಲೆ ಕೂಡಿಸಿ ನೋಡಿದರೆ 60,000 ರೂಪಾಯಿ. ಅಲ್ಲಿ ಡಾಲರ್, ಇಲ್ಲಿ ರೂಪಾಯಿ, ಅಂಕೆ ಮಾತ್ರ ತಾನಾಗೇ ಒಂದೇ ಬಂತು. ದೀಪಾವಳಿಯೊಳಗೆ 200 ಆಗದಿದ್ದರೆ ಕೊಟ್ಟವರಿಗೆಲ್ಲ ವಾಪಸ್. ರಸೀದಿ ಝೆರಾಕ್ಸ್ ಮಾಡಿ ಕೊಡುತ್ತೇನೆ, ಯಂತ್ರ ಮನೆಯದ್ದೇ. ಎಲ್ಲರ ಹೆಸರೂ ಅಚ್ಚಾಗುತ್ತದೆ. ಕಾಗುಣಿತ ಅವರವರೇ ನೋಡಿ ಸಹಿ ಹಾಕಬೇಕು, ಈ ನಿಯಮ ನನ್ನದು.

ಇವತ್ತಿಗೆ 43 ಹೆಸರು ಆಗಿದೆ. ಇಸ್ವಾಣದವರೂ ಬಂದು ಹೋದರು, ಇನ್ನೂ ಯೋಚನೆ ಮಾಡುತ್ತಿದ್ದಾರಂತೆ. ಸೋದರಳಿಯನಿಗೆ ನಂಬಿಕೆ ಇಲ್ಲ. ಡ್ರಮ್ಸ್‌ಗೆ ಪ್ಲಾಸ್ಟಿಕ್ ಹೊದಿಸಿ ಅಟ್ಟಕ್ಕೆ ಹಾಕಿದ್ದಾನೆ. 'ನೂರು ಆಗ್ಲಿ ಮಾಮ, ಆಮೇಲೆ ಇಳಿಸುವಾ' ಅಂತಾನೆ. ಅಂಗಡಿ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಬರಬೇಡಿ, ಊಟ ಮಾಡಿ ಮಲಗಿರುತ್ತೇನೆ.

ನಿಮ್ಮ ಹಳೇ ಓದುಗ,
ಹಿಂದಿನ ಕ್ಯಾಸೆಟ್ ಅಂಗಡಿಯ ನಾಯ್ಕ, ಕೋಡಿಬಾಗ, ಕಾರವಾರ