ಈ ಭಾನುವಾರದ ಗಣಿತ ಕೂಟ: 2147483647

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 8ಕ್ಕೆ ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ ಸೇರೋಣ, ತಿಂಡಿ ಆಮೇಲೆ.

ಈ ಸಲ ಒಂದೇ ಸಂಖ್ಯೆ. 2ರ 31ನೇ ಘಾತದಲ್ಲಿ 1 ಕಳೆದರೆ 2147483647. ಇದು ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ 1772ರಲ್ಲೇ ತೋರಿಸಿದ್ದರು, ಅದೂ ಕೈಲೆಕ್ಕದಲ್ಲಿ! ಸುಮ್ನೆ ಭಾಗಿಸುತ್ತಾ ಹೋದರೆ 46340ರ ತನಕ (ಅಂದರೆ ಇದರ ವರ್ಗಮೂಲದ ತನಕ) ಎಲ್ಲ ಅವಿಭಾಜ್ಯಗಳನ್ನೂ ನೋಡಬೇಕು, ಆದರೆ ಇದನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು, ಹಾಗಾಗಿ ನೋಡಬೇಕಾದ ಸಂಖ್ಯೆಗಳ ಎಣಿಕೆ 400ಕ್ಕಿಂತ ಕಡಿಮೆ. ಮೊದಲು ಸಿಗೋ ಅವಿಭಾಜ್ಯ 311. ಭಾಗಿಸಿ ನೋಡಿ, 35 ಉಳಿಯುತ್ತದೆ. ಮಿಕ್ಕಿದ್ದನ್ನು ಹಂಚಿಕೊಳ್ಳೋಣ.

ನೋಟ್‌ಬುಕ್, ಪೆನ್ಸಿಲ್ ತನ್ನಿ. ಕ್ಯಾಲ್ಕುಲೇಟರ್ ಬೇಡ (ಮಕ್ಕಳಿಗಿಂತ ದೊಡ್ಡವರಿಗೇ ಇದನ್ನ ಜಾಸ್ತಿ ಹೇಳಬೇಕು). ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಹಾಳೆ ಪ್ರಿಂಟ್ ಮಾಡಿಸಬೇಕು.