ಆತ್ಮಹತ್ಯೆ ತಡೆಗಟ್ಟುವ ತರಬೇತಿಗೆ ತಪ್ಪದೆ ಬರಬೇಕೆಂದು ಕೋರಿ ಪೋಷಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ
ಮುದ್ದೇಬಿಹಾಳ ತಾಲ್ಲೂಕು, ವಿಜಯಪುರ ಜಿಲ್ಲೆ

ಮಾನ್ಯ ಪೋಷಕರೇ, ಮೊಮ್ಮಕ್ಕಳನ್ನು ಓದಿಸುತ್ತಿರುವ ಅಜ್ಜ ಅಜ್ಜಿಯಂದಿರೇ,

ಸಪ್ರೇಮ ನಮಸ್ಕಾರಗಳು.

ದೀಪಾವಳಿ ಮುಗಿದ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಶಾಲೆಯಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದವರಿಂದ, ಆತ್ಮಹತ್ಯೆ ತಡೆಗಟ್ಟುವ ತರಬೇತಿ ನಡೆಯಲಿದೆ. ದುಡಿಯಲು ಗೋವಾ, ಮಂಗಳೂರು, ಪುಣೆಗಳಿಗೆ ಹೋದವರು ಹಬ್ಬಕ್ಕೆ ಊರಿಗೆ ಬಂದಿರುತ್ತೀರೆಂದೇ ಈ ದಿನವನ್ನು ಆರಿಸಿದ್ದೇವೆ. ತರಬೇತಿಯ ಹೆಸರು ಓದಿದ ಕೂಡಲೇ ನಮ್ಮ ಮನೆಗೂ ಇದಕ್ಕೂ ಸಂಬಂಧವಿಲ್ಲವೆಂದು ಪತ್ರವನ್ನು ಮಡಿಚಿಡಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಇಂಥ ಸಂಕಟ ಓದಿದವರ ಮನೆ, ಓದದವರ ಮನೆ ಎಂದು ನೋಡಿಕೊಂಡು ಬರುವುದಿಲ್ಲ.

ಪೋಷಕರನ್ನಷ್ಟೇ ಅಲ್ಲದೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು, ಸ್ವಸಹಾಯ ಸಂಘದ ತಾಯಂದಿರನ್ನು, ಮಕ್ಕಳನ್ನು ಶಾಲೆಗೆ ಕರೆತರುವ ಟಂಟಂ ಚಾಲಕರನ್ನು, ಗೊಬ್ಬರ ಮತ್ತು ಕೀಟನಾಶಕದ ಅಂಗಡಿಯವರನ್ನೂ ಕರೆದಿದ್ದೇವೆ. ಮನಸ್ಸು ಕುಸಿದ ಹುಡುಗನೊಬ್ಬ ತಂದೆ ತಾಯಿಯ ಮುಂದೆ ಬಾಯಿ ಬಿಡದಿದ್ದರೂ ದಿನವೂ ಕಾಣುವ ಇವರಲ್ಲಿ ಒಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಹಾವು ಕಚ್ಚಿದವರನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆಂದು ತಿಳಿದಿರಲು ಯಾರೂ ವೈದ್ಯರಾಗಬೇಕಿಲ್ಲವಲ್ಲ, ಈ ತರಬೇತಿಯೂ ಅಷ್ಟೇ. ಸೂಚನೆಯನ್ನು ಗುರುತಿಸುವುದು, ನೇರವಾಗಿ ಕೇಳುವುದು, ಒಂಟಿಯಾಗಿ ಬಿಡದೆ ನೆರವಿನವರೆಗೆ ಜೊತೆಗೆ ಹೋಗುವುದು, ಇಷ್ಟನ್ನೇ ಅಲ್ಲಿ ಕಲಿಸುತ್ತಾರೆ.

ಕೇಳುವುದೇ ಎಲ್ಲರಿಗೂ ಕಷ್ಟವಾಗುವ ಕೆಲಸ. ಸಾಯುವ ವಿಚಾರವನ್ನು ನಾವಾಗಿ ಎತ್ತಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಅದು ನಿಜವಲ್ಲ ಎಂಬುದನ್ನು ಸಂಶೋಧನೆಗಳು ತೋರಿಸಿವೆ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ನೇರವಾಗಿ, ಮೆತ್ತಗೆ ಕೇಳಿದರೆ ಒಳಗೊಳಗೇ ಕುದಿಯುತ್ತಿದ್ದ ಮಗುವಿಗೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ‘ಸಾಯ್ತೀನಿ ಅನ್ನಾವ್ರು ಸಾಯಂಗಿಲ್ಲ’ ಎಂಬ ಮಾತು ನಮ್ಮ ಕಡೆ ಸಲೀಸಾಗಿ ಬರುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ಪ್ರಾಣ ಕಳೆದುಕೊಂಡವರಲ್ಲಿ ಅನೇಕರು ಅದಕ್ಕೂ ಮೊದಲು ಯಾರಿಗಾದರೂ ಒಂದು ಸುಳಿವು ಕೊಟ್ಟಿರುತ್ತಾರೆ. ‘ಜೀವಾನ ಬ್ಯಾಸರ ಆಗೇತಿ’, ‘ನಾ ಇರಲಿಲ್ಲಂದ್ರ ನೀವು ಆರಾಮ ಇರ್ತೀರಿ’ ಎಂದು ಮಗು ಅಂದರೆ, ಅಂದದ್ದು ಸಿಟ್ಟಿನಲ್ಲೇ ಇರಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಕುಳಿತುಕೊಳ್ಳಿ. ರಾತ್ರಿಯೆಲ್ಲ ನಿದ್ದೆಯಿಲ್ಲದಿರುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಆಸೆಪಟ್ಟು ಇಟ್ಟುಕೊಂಡ ಸಾಮಾನುಗಳನ್ನು ಹಂಚಿಬಿಡುವುದು, ಬಹಳ ದಿನ ಕುಗ್ಗಿದ್ದವರು ಒಮ್ಮೆಲೇ ಶಾಂತರಾಗಿ ಕಾಣುವುದು, ಇವೂ ಸೂಚನೆಗಳೇ. ಆ ಹೊತ್ತಿನಲ್ಲಿ ಬುದ್ಧಿ ಹೇಳುವುದಕ್ಕಿಂತ, ಪಕ್ಕದ ಮನೆಯ ಮಕ್ಕಳ ಅಂಕಗಳನ್ನು ಎತ್ತುವುದಕ್ಕಿಂತ, ‘ಸಾಯಬೇಕು ಅನಸಾಕತ್ತೇತೇನ?’ ಎಂದು ಕೇಳಿ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ದೂರದೂರಿನಲ್ಲಿರುವವರು ಫೋನಿನಲ್ಲೂ ಹೀಗೆ ಕೇಳಬಹುದು. ಅಭ್ಯಾಸದ ವಿಚಾರವನ್ನೇ ಕೇಳಿ ಫೋನ್ ಇಡುವ ರೂಢಿಯನ್ನು ದಯವಿಟ್ಟು ಬದಲಿಸಿಕೊಳ್ಳಿ.

ತೊಗರಿ, ಹತ್ತಿಗೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ವಿಚಾರವನ್ನು ಬೇರೆಯಾಗಿಯೇ ಬರೆಯಬೇಕಾಗಿದೆ. ಸಾಯಬೇಕೆಂಬ ಆವೇಗ ಅನೇಕ ಬಾರಿ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ, ಹಾಗೆ ಉಳಿದವರಲ್ಲಿ ಬಹುಪಾಲು ಜನ ಮುಂದೆ ಬಾಳಿ ಬದುಕುತ್ತಾರೆ. ಶ್ರೀಲಂಕಾದಲ್ಲಿ 1995ರಿಂದೀಚೆಗೆ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿದದ್ದು ಇದಕ್ಕೆ ದೊಡ್ಡ ಸಾಕ್ಷಿ. ಆದ್ದರಿಂದ ಬೇಕಾದಷ್ಟನ್ನೇ ಕೊಂಡುತನ್ನಿ, ಉಳಿದದ್ದನ್ನು ಪಡಸಾಲೆಯಲ್ಲಾಗಲಿ ದನದ ಕೊಟ್ಟಿಗೆಯಲ್ಲಾಗಲಿ ಇಡದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಹಿರಿಯರೊಬ್ಬರೇ ಇಟ್ಟುಕೊಳ್ಳಲಿ. ಗುಳಿಗೆಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ. ಮನೆಯಲ್ಲಿ ಯಾರಾದರೂ ಕುಗ್ಗಿದ್ದಾರೆಂಬ ಅನುಮಾನ ಬಂದ ದಿನವೇ ಇದನ್ನು ಮಾಡಿ, ತರಬೇತಿಯ ದಿನದವರೆಗೆ ಕಾಯಬೇಡಿ.

ಪೊಲೀಸ್ ಕೇಸ್ ಆದೀತು, ನಾಲ್ಕು ಮಂದಿಗೆ ಗೊತ್ತಾದೀತು, ನಾಳೆ ಮಗಳ ಮದುವೆಗೆ ಅಡ್ಡಿಯಾದೀತು ಎಂದು ಹೆದರಿ, ಅನಾಹುತ ನಡೆದಾಗಲೂ ಆಸ್ಪತ್ರೆಗೆ ಹೋಗಲು ತಡಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸುವಂತಿಲ್ಲ, ಮೇಲಾಗಿ ಅಂಥವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು, ಅದಕ್ಕೆ ಅಂಜಿ ಹಿಂಜರಿಯುವ ಕಾರಣವಿಲ್ಲ. ತುರ್ತಿದ್ದರೆ ಮೊದಲು 108ಕ್ಕೆ ಕರೆಮಾಡಿ. ಮನಸ್ಸಿನ ತೊಂದರೆ ಹೇಳಿಕೊಳ್ಳಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ ಇಪ್ಪತ್ನಾಲ್ಕು ತಾಸೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ, ಮಕ್ಕಳೂ ದೊಡ್ಡವರೂ ಕರೆಮಾಡಬಹುದು. ಮಕ್ಕಳಿಗಾಗಿಯೇ 1098 ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ದೇವರಿಗೆ ಹರಕೆ ಹೊರುವುದಿದ್ದರೆ ಹೊರಿ, ಮಠಕ್ಕೆ ಹೋಗುವುದಿದ್ದರೆ ಹೋಗಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ವೈದ್ಯರ ಬಳಿ ಹೋಗುವುದನ್ನು ಅದಕ್ಕಾಗಿ ಮುಂದೂಡಬಾರದು.

ಹತ್ತನೆಯ ತರಗತಿಯ ಮಕ್ಕಳ ಪೋಷಕರಿಗೆ ಒಂದು ಮಾತು. ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮೊದಲನೆಯದರಲ್ಲಿ ಅನುತ್ತೀರ್ಣನಾದವನು ಅದೇ ವರ್ಷ ಮತ್ತೆ ಬರೆಯಬಹುದೆಂಬುದನ್ನು ಫಲಿತಾಂಶದ ದಿನಕ್ಕೆ ಬಿಡದೆ ಇಂದೇ ಮಗುವಿಗೆ ತಿಳಿಸಿ, ಫಲಿತಾಂಶದ ದಿನ ಮಗುವಿನ ಜೊತೆಗಿರಿ.

ಶಾಲೆಯಲ್ಲಿ ಪ್ರತಿ ತರಗತಿಗೂ ಒಬ್ಬ ಶಿಕ್ಷಕರನ್ನು ಗೊತ್ತುಮಾಡಿದ್ದೇವೆ. ಮಕ್ಕಳು ಅವರ ಬಳಿ ಯಾವಾಗ ಬೇಕಾದರೂ ಹೋಗಬಹುದು. ಹೇಳಿಕೊಂಡದ್ದು ಶಿಕ್ಷಕರ ಕೋಣೆಯ ಹರಟೆಯಾಗದು, ಅದರ ಹೊಣೆ ನನ್ನದು. ಜೀವಕ್ಕೆ ಅಪಾಯವಿದೆಯೆಂದು ಕಂಡರೆ ಮಾತ್ರ ತಮಗೂ ವೈದ್ಯರಿಗೂ ತಿಳಿಸುತ್ತೇವೆ, ಈ ವಿಷಯವನ್ನು ಮಕ್ಕಳಿಗೂ ಮೊದಲೇ ಹೇಳಿದ್ದೇವೆ. ಮನೆಯಲ್ಲಿ ಇಂಥ ನೋವನ್ನು ಈಗಾಗಲೇ ಉಂಡವರಿದ್ದರೆ, ತರಬೇತಿಗೆ ಕುಳಿತುಕೊಳ್ಳಲು ಮನಸ್ಸಾಗದಿದ್ದರೆ ಒತ್ತಾಯವಿಲ್ಲ. ತಾವು ಬಯಸಿದಲ್ಲಿ ಆಪ್ತಸಮಾಲೋಚಕರು ಅದೇ ದಿನ ಬೇರೆಯಾಗಿ ಮಾತನಾಡುತ್ತಾರೆ.

ತರಬೇತಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ, ಊಟದ ವ್ಯವಸ್ಥೆ ಶಾಲೆಯಲ್ಲೇ ಇದೆ. ದುಡಿಯಲು ಮರಳಿ ಹೋಗುವವರು, ತಾವು ಹೋದ ಮೇಲೆ ಮಕ್ಕಳ ಜೊತೆ ಮನೆಯಲ್ಲಿ ಉಳಿಯುವ ಹಿರಿಯರನ್ನು ಅಂದು ತಪ್ಪದೆ ಕರೆತರಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು