ಕ್ರಾನ್‌ನಲ್ಲಿ ಪಿಎಸ್‌ಕ್ಯೂಎಲ್ ಓಡಿಸುವವರ ಗಮನಕ್ಕೆ

ರಾತ್ರಿ ಹೊತ್ತು ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಕೆಲಸ ತಾನಾಗೇ ಓಡಿಸುವ ವ್ಯವಸ್ಥೆ) ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸ್ಕ್ರಿಪ್ಟ್ ಓಡಿಸುವವರು ದಯವಿಟ್ಟು ಇದನ್ನು ಓದಿ. ಪಿಎಸ್‌ಕ್ಯೂಎಲ್ (psql) ಅಂದ್ರೆ ಆ ಡೇಟಾಬೇಸ್‌ಗೆ ಕಮಾಂಡ್ ಕಳಿಸುವ ಪ್ರೋಗ್ರಾಂ. ಅದಕ್ಕೆ ಒಂದೇ ಕ್ವೆರಿ ಕೊಡಲು ಮೈನಸ್ ಸಿ (-c) ಆಯ್ಕೆ ಸಾಕು, ಫೈಲ್ ಇದ್ದರೆ ಮೈನಸ್ ಎಫ್ (-f). ಆದರೆ ಫೈಲ್ ಕೊಟ್ಟಾಗ ನಡುವೆ ಒಂದು ಕಮಾಂಡ್ ಕೆಟ್ಟರೂ ಪಿಎಸ್‌ಕ್ಯೂಎಲ್ ಸುಮ್ನೆ ಮುಂದೆ ಹೋಗುತ್ತದೆ, ಉಳಿದದ್ದನ್ನೆಲ್ಲ ಓಡಿಸಿ ಕೊನೆಗೆ 0 ಎಕ್ಸಿಟ್ ಕೋಡ್ (ಎಲ್ಲ ಸರಿ ಅನ್ನೋ ಸಂಕೇತ) ಕೊಡುತ್ತದೆ, ಕೆಲಸ ಸರಿಯಾಗಿ ಮುಗಿದಿದೆ ಅಂತ ನಾವು ನಂಬಿಬಿಡುತ್ತೇವೆ. ಇದು ನಿಜಕ್ಕೂ ಅಪಾಯ. ಮೈನಸ್ ವಿ (-v) ಕೊಟ್ಟು ಆನ್_ಎರರ್_ಸ್ಟಾಪ್ (ON_ERROR_STOP) ಅನ್ನು 1 ಮಾಡಿ, ಆಗ ತಪ್ಪಾದ ಜಾಗದಲ್ಲೇ ನಿಂತು ಎಕ್ಸಿಟ್ ಕೋಡ್ 3 ಕೊಡುತ್ತದೆ. ಅರ್ಧಂಬರ್ಧ ಬದಲಾವಣೆ ಉಳಿಯಬಾರದು ಅಂದ್ರೆ ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಓಡಿಸುವ ಮೈನಸ್ 1 (-1) ಕೂಡ ಸೇರಿಸಿ.

ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲಿ ಬರೆಯಲೇಬೇಡಿ. ಹೋಮ್ ಡೈರೆಕ್ಟರಿಯ ಡಾಟ್ ಪಿಜಿಪಾಸ್ (.pgpass) ಫೈಲ್‌ನಲ್ಲಿಡಿ. ಲಿನಕ್ಸ್‌ನಲ್ಲಿ ಅದರ ಪರ್ಮಿಷನ್ 0600 (ಮಾಲೀಕರಿಗೆ ಮಾತ್ರ ಓದಲು, ಬರೆಯಲು ಅವಕಾಶ) ಮಾಡಿ, ಗುಂಪಿಗೋ ಬೇರೆಯವರಿಗೋ ಓದಲು ಬಿಟ್ಟಿದ್ದರೆ ಆ ಫೈಲನ್ನು ಪಿಎಸ್‌ಕ್ಯೂಎಲ್ ಲೆಕ್ಕಕ್ಕೇ ತಗೊಳ್ಳಲ್ಲ.